ತಂತಿಯ ಭಾರ ಸ್ಕ್ರೂವಿನ ಮೇಲೆ ಬೀಳಬಾರದು

ಕೇಳುಗರೆಲ್ಲರಿಗೂ ನಮಸ್ಕಾರ.

ಕೊಳವೆಬಾವಿಗೆ ಪಂಪು ಇಳಿಸುವುದನ್ನು ನಿಮ್ಮಲ್ಲಿ ಹೆಚ್ಚಿನವರು ನೋಡಿಯೇ ಇರುತ್ತೀರಿ. ಪಂಪು ಪೈಪಿನ ಆಧಾರದಲ್ಲಿ ಇಳಿಯುತ್ತದೆ. ಪೈಪು ಕಳಚಿದರೂ ಪಂಪು ಬಾವಿಯ ಪಾಲಾಗಬಾರದೆಂದು ಒಂದು ಗಟ್ಟಿ ಹಗ್ಗವನ್ನೂ ಕಟ್ಟಿರುತ್ತಾರೆ. ಚಪ್ಪಟೆಯಾದ ಮೂರೆಳೆಯ ಕೇಬಲ್ಲನ್ನು ಪೈಪಿಗೆ ಅಲ್ಲಲ್ಲಿ ಬಿಗಿಯುತ್ತಾ ಜೊತೆಯಲ್ಲೇ ಬಿಡುತ್ತಾ ಹೋಗುತ್ತಾರೆ. ಕೇಬಲ್ಲನ್ನೇ ಹಿಡಿದು ಪಂಪನ್ನು ನೇತುಬಿಡುವ ರೈತನನ್ನು ನಾನು ಈವರೆಗೆ ಕಂಡಿಲ್ಲ. ಕೇಬಲ್ಲು ಇರುವುದು ಕರೆಂಟು ಒಯ್ಯುವುದಕ್ಕೆ, ಭಾರ ಹೊರುವುದಕ್ಕಲ್ಲ ಎಂದು ಅವರಿಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಆದರೆ ಅದೇ ರೈತರ ಮನೆಯೊಳಗೆ ಕಾಲಿಟ್ಟರೆ ಅಡುಗೆಮನೆಯ ಬಲ್ಬು ಹೋಲ್ಡರಿನ ಸ್ಕ್ರೂವಿನಲ್ಲೇ ತೂಗಾಡುತ್ತಿರುತ್ತದೆ, ಫ್ರಿಜ್ಜಿನ ವೈರು ಗೋಡೆಯ ಸಾಕೆಟ್ಟನ್ನು ಜಗ್ಗಿ ಹಿಡಿದಿರುತ್ತದೆ, ಅಟ್ಟದ ಮೇಲೆ ಹಾದುಹೋದ ವೈರು ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತುಬಿದ್ದಿರುತ್ತದೆ.

ಕೈಗಾರಿಕಾ ತರಬೇತಿ ಸಂಸ್ಥೆಯೊಂದರಲ್ಲಿ 31 ವರ್ಷ ಹುಡುಗರಿಗೆ ವೈರಿಂಗ್ ಕಲಿಸಿದವನು ನಾನು. ಮನೆಯ ವಿದ್ಯುತ್ ಸುರಕ್ಷತೆಯ ಬಗ್ಗೆ ಮಾತನಾಡಬೇಕೆಂದು ಆಕಾಶವಾಣಿಯವರು ಕೇಳಿದಾಗ ಅರ್ಥಿಂಗ್, ಫ್ಯೂಸ್, ಮೀಟರ್ ಎಂದು ಎಲ್ಲವನ್ನೂ ಒಂದಿಷ್ಟು ಹೇಳುವುದಕ್ಕಿಂತ ಒಂದೇ ಸಂಗತಿಯನ್ನು ಮನಸ್ಸಿಗೆ ನಾಟುವಂತೆ ಹೇಳುತ್ತೇನೆಂದು ಒಪ್ಪಿಕೊಂಡೆ. ಆ ಸಂಗತಿ ಇಷ್ಟೇ: ವೈರಿನ ಭಾರವಾಗಲಿ ಎಳೆತವಾಗಲಿ ಎಂದಿಗೂ ಸ್ಕ್ರೂವಿನ ಮೇಲೆ ಬೀಳಬಾರದು. ವೈರನ್ನು ಹಿಡಿಯಬೇಕಾದದ್ದು ಕ್ಲಿಪ್ಪು, ಕ್ಲಾಂಪು, ಪೈಪನ್ನು ಗೋಡೆಗೆ ಹಿಡಿಸುವ ಸ್ಯಾಡಲ್ ಎಂಬ ಬಾಗಿದ ಪಟ್ಟಿ. ಸ್ಕ್ರೂ ಇರುವುದು ಬೇರೆಯ ಕೆಲಸಕ್ಕೆ.

ಆ ಬೇರೆಯ ಕೆಲಸ ಯಾವುದೆಂದು ನೋಡೋಣ. ಸ್ವಿಚ್ಚಿನ ಹಿಂಬದಿಯಲ್ಲಿ, ಸಾಕೆಟ್ಟಿನ ಒಳಗೆ ವೈರಿನ ತುದಿಯನ್ನು ಸುಲಿದು ಒಂದು ಪುಟ್ಟ ಹಿತ್ತಾಳೆಯ ಸ್ಕ್ರೂವಿನ ಕೆಳಗೆ ಬಿಗಿಯುತ್ತಾರೆ. ತಾಮ್ರವನ್ನು ಹಿತ್ತಾಳೆಗೆ ಒತ್ತಿ ಹಿಡಿಯುವುದಷ್ಟೇ ಅದರ ಕೆಲಸ. ಆ ಒತ್ತಡ ಒಂದಿಷ್ಟು ಕಡಿಮೆಯಾದರೆ ಕರೆಂಟು ದಾಟುವ ಹಾದಿ ಇಕ್ಕಟ್ಟಾಗುತ್ತದೆ, ಇಕ್ಕಟ್ಟಾದಲ್ಲಿ ಬಿಸಿ ಹುಟ್ಟುತ್ತದೆ. ಒಂದು ಲೆಕ್ಕ ಕೊಡುತ್ತೇನೆ, ದಯವಿಟ್ಟು ಗಮನವಿಟ್ಟು ಕೇಳಿ. 2000 ವಾಟಿನ ಗೀಸರು 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಕರೆಂಟು ಎಳೆಯುತ್ತದೆ. ಸಡಿಲವಾದ ಸ್ಕ್ರೂವಿನ ಬಳಿ ಬರೀ ಅರ್ಧ ಓಮ್‌ನಷ್ಟು ತಡೆ ಹುಟ್ಟಿದರೆ ಸಾಕು, ಕಡಲೆಕಾಳಿನಷ್ಟು ಜಾಗದಲ್ಲಿ ಸುಮಾರು 36 ವಾಟ್ ಶಾಖ ಏಳುತ್ತದೆ. ರೇಡಿಯೋ ರಿಪೇರಿಯವರು ಸೀಸ ಕರಗಿಸಿ ಬೆಸುಗೆ ಹಾಕುವ ಸಾಲ್ಡರಿಂಗ್ ಐರನ್ 25 ವಾಟಿನದು. ಅಂದರೆ ಅದಕ್ಕಿಂತ ಹೆಚ್ಚು ಶಾಖ ಹುಟ್ಟಿಸುವ ಒಂದು ವಸ್ತುವನ್ನು ನೀವು ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿ ದಿನವೂ ಬೆಳಿಗ್ಗೆ ಚಾಲೂ ಮಾಡುತ್ತಿದ್ದೀರಿ ಎಂದಾಯಿತು.

ಬೋರ್ಡಿನಲ್ಲಿ ತಾನಾಗಿಯೇ ಕರೆಂಟು ಕಡಿಯುವ ಎಂಸಿಬಿ ಎಂಬ ಸ್ವಿಚ್ಚು ಇದೆಯಲ್ಲ, ಅದು ಟ್ರಿಪ್ ಆಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಆಗುವುದಿಲ್ಲ. ಎಂಸಿಬಿ ನೋಡುವುದು ಕರೆಂಟು ಮಿತಿ ಮೀರಿತೇ ಎಂಬುದನ್ನು. ಇಲ್ಲಿ ಕರೆಂಟು ಹೆಚ್ಚುವುದೇ ಇಲ್ಲ. ಅಂಥದೇ ಇನ್ನೊಂದು ಸ್ವಿಚ್ಚಾದ ಆರ್‌ಸಿಸಿಬಿ ನೋಡುವುದು ಕರೆಂಟು ನೆಲಕ್ಕೆ ಸೋರುತ್ತಿದೆಯೇ ಎಂಬುದನ್ನು. ಇಲ್ಲಿ ಸೋರಿಕೆಯೂ ಇಲ್ಲ. ದುಬಾರಿ ಸಾಮಾನು ಹಾಕಿಸಿದ್ದೇವೆ ಎಂದು ನಿಶ್ಚಿಂತರಾಗಿರುವವರು ಇದನ್ನು ತಿಳಿದಿರಬೇಕು.

ಇದನ್ನು ನಾನು ಪಾಠದಲ್ಲಿ ಎಷ್ಟೋ ಸಲ ಹೇಳಿದ್ದರೂ ಕಣ್ಣಾರೆ ಕಂಡದ್ದು ನನ್ನ ತಂಗಿಯ ಮನೆಯಲ್ಲಿ. ಅವಳನ್ನು ಕೊಪ್ಪ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆಗೆ ಕೊಟ್ಟಿದ್ದೇವೆ. ಹೆಂಚಿನ ಮಾಡು, ದೊಡ್ಡ ಜಗಲಿ, ಹಿಂಬದಿಯಲ್ಲಿ ಹೊಸದಾಗಿ ಕಟ್ಟಿಸಿದ ಬಚ್ಚಲುಮನೆ. ಒಂದು ಆಷಾಢದ ಸಂಜೆ ಅವಳ ಫೋನು ಬಂತು. "ಅಣ್ಣಯ್ಯ, ಎಂಟು ದಿನದಿಂದ ಬಚ್ಚಲಲ್ಲಿ ಮೀನಿನ ವಾಸನೆ. ಅತ್ತೆ ಬಿಸಿನೀರಲ್ಲಿ ಮಿಂದು ಬಂದವರು ಮತ್ತೆ ಬಾವಿಕಟ್ಟೆಗೆ ಹೋಗಿ ತಣ್ಣೀರು ಸುರಿದುಕೊಳ್ಳುತ್ತಾರೆ" ಎಂದಳು. ಮೀನು ಮಾಂಸ ಒಳಗೆ ಬಾರದ ಮನೆ ಅದು. ಬೆಕ್ಕು ಹಳ್ಳದಿಂದ ಮೀನು ಕಚ್ಚಿಕೊಂಡು ಬಂದು ಎಲ್ಲೋ ಸಂದಿಯಲ್ಲಿ ಹಾಕಿದೆ ಎಂದು ಮನೆಮಂದಿಯೆಲ್ಲ ಹುಡುಕಿದ್ದರು. ಸೌದೆಯ ರಾಶಿ ತೆಗೆದು ನೋಡಿದ್ದರು, ಹಂಡೆಯ ಹಿಂದೆ ತೊಳೆದಿದ್ದರು, ಬೆಕ್ಕನ್ನು ಕೊಟ್ಟಿಗೆಗೆ ಅಟ್ಟಿದ್ದರು.

ನಾನು ಕೇಳಿದೆ: "ವಾಸನೆ ಇಡೀ ದಿನವೋ, ಬೆಳಿಗ್ಗೆ ಮಾತ್ರವೋ?" "ಬೆಳಿಗ್ಗೆ. ಎಲ್ಲರ ಸ್ನಾನ ಮುಗಿಯುವ ಹೊತ್ತಿಗೆ ಜಾಸ್ತಿ" ಎಂದಳು. "ಗೀಸರಿನ ಸ್ವಿಚ್ಚು ಮುಟ್ಟಬೇಡ, ಮೊದಲು ಮೇನ್ ಆಫ್ ಮಾಡು, ನಾಳೆ ಬರುತ್ತೇನೆ" ಎಂದೆ. ಸ್ವಿಚ್ಚು ಸಾಕೆಟ್ಟುಗಳ ಪ್ಲಾಸ್ಟಿಕ್ಕು, ಬೇಕಲೈಟು ಅತಿಯಾಗಿ ಕಾದಾಗ ಬರುವ ವಾಸನೆ ಮೀನಿನ ವಾಸನೆಯಂತೆಯೇ ಇರುತ್ತದೆ. ನಿಮ್ಮ ಮನೆಯಲ್ಲಿ ಕಾರಣವಿಲ್ಲದೆ ಅಂಥ ವಾಸನೆ ಬಂದರೆ ಬೆಕ್ಕನ್ನು ಅಟ್ಟುವ ಮೊದಲು ಮೇನ್ ಆಫ್ ಮಾಡಿ.

ಮರುದಿನ ಹೋಗಿ ನೋಡಿದೆ. ಜಗಲಿಯ ಬೋರ್ಡಿನಿಂದ ಹೊರಟ ವೈರು ಪಕಾಸಿಗಳ ಮೇಲೆ ಹಾದು, ಎರಡು ಕಡೆ ಪ್ಲಾಸ್ಟಿಕ್ ದಾರದಲ್ಲಿ ಕಟ್ಟಿಸಿಕೊಂಡು, ಬಚ್ಚಲಿನ ಬಾಗಿಲ ಪಕ್ಕದಲ್ಲಿ ಆರಡಿ ಕೆಳಗೆ ಇಳಿದು ನೇರವಾಗಿ ಸಾಕೆಟ್ಟಿನ ಡಬ್ಬಿಗೆ ಹೋಗಿತ್ತು. ಪೈಪಿಲ್ಲ, ಒಂದು ಕ್ಲಿಪ್ಪಿಲ್ಲ. ಹೊರಗೆ ಮಳೆ ಬಿಡದ್ದರಿಂದ ಆ ಇಳಿಬಿದ್ದ ವೈರಿಗೇ ಒದ್ದೆ ಪಾಣಿಪಂಚೆಗಳನ್ನು ನೇತುಹಾಕುತ್ತಿದ್ದರು. ಒಂದು ಒದ್ದೆ ಪಂಚೆ ತೆಗೆದಾಗಲೊಮ್ಮೆ, ಹಾಕಿದಾಗಲೊಮ್ಮೆ ಸ್ಕ್ರೂವಿಗೆ ಒಂದು ಜಗ್ಗು. ಮುಚ್ಚಳ ತೆಗೆದೆ. ಬಿಳಿಯ ಪ್ಲಾಸ್ಟಿಕ್ಕು ಒಂದು ಬದಿಯಲ್ಲಿ ಸೀದ ಹೋಳಿಗೆಯ ಬಣ್ಣಕ್ಕೆ ತಿರುಗಿತ್ತು. ಕೆಂಪು ವೈರಿನ ಹೊದಿಕೆ ಒಂದಂಗುಲದಷ್ಟು ಗುಳ್ಳೆಯೆದ್ದು ಬಿರಿದಿತ್ತು. ತಾಮ್ರದ ಎಳೆಗಳಲ್ಲಿ ಅರ್ಧ ಸ್ಕ್ರೂವಿನ ಹಿಡಿತದಿಂದ ಜಾರಿ ಹೊರಗಿದ್ದವು, ಉಳಿದರ್ಧ ಕಪ್ಪಾಗಿದ್ದವು. ಟೆಸ್ಟರಿನ ತುದಿಯಿಂದ ಮುಟ್ಟಿದ ಕೂಡಲೇ ಎರಡು ಎಳೆ ಮುರಿದು ನೆಲಕ್ಕೆ ಬಿದ್ದವು. ಅಲ್ಲಿಂದ ಒಂದು ಗೇಣು ಮೇಲೆ ಒಣಗಿದ ಮರದ ಚೌಕಟ್ಟು.

ಅದೇ ಮನೆಯ ಜಗಲಿಯಲ್ಲಿ ತಲೆಯೆತ್ತಿ ನೋಡಿದರೆ ಇನ್ನೊಂದು ನೋಟ. ಊರಿಗೆ ಕರೆಂಟು ಬಂದ ಕಾಲದಲ್ಲಿ ಯಾರೋ ಒಬ್ಬ ವೈರ್‌ಮನ್ ಮಾಡಿದ ಬ್ಯಾಟನ್ ವೈರಿಂಗ್ ಅದು. ತೇಗದ ಪಟ್ಟಿ, ಪಟ್ಟಿಯ ಮೇಲೆ ರಬ್ಬರು ಹೊದಿಕೆಯ ವೈರು, ವೈರಿನ ಉದ್ದಕ್ಕೂ ತಗಡಿನ ಲಿಂಕ್ ಕ್ಲಿಪ್ಪುಗಳು. ಅಡ್ಡ ಹೋದಲ್ಲಿ 10 ಸೆಂಟಿಮೀಟರಿಗೊಂದು, ಲಂಬವಾಗಿ ಇಳಿದಲ್ಲಿ 15 ಸೆಂಟಿಮೀಟರಿಗೊಂದು. ನಾನು ಅಳತೆಪಟ್ಟಿ ಹಿಡಿದೇ ನೋಡಿದೆ, ತಪ್ಪಿರಲಿಲ್ಲ. ಈ ಕ್ಲಿಪ್ಪನ್ನು ಹೊಸ ಹುಡುಗರು ನೋಡಿಯೇ ಇಲ್ಲ, ಹಾಗಾಗಿ ಹೇಳುತ್ತೇನೆ. ಮೊದಲು ಪ್ರತಿ ಕ್ಲಿಪ್ಪಿನ ನಡುವೆ ಸಣ್ಣ ಮೊಳೆ ಹೊಡೆದು ಪಟ್ಟಿಗೆ ಕೂರಿಸಬೇಕು. ಆಮೇಲೆ ವೈರನ್ನು ಮಲಗಿಸಿ, ಕ್ಲಿಪ್ಪಿನ ಒಂದು ತುದಿಯನ್ನು ಇನ್ನೊಂದು ತುದಿಯ ಕಿಂಡಿಯಲ್ಲಿ ತೂರಿಸಿ, ಹಿಂದಕ್ಕೆ ಮಡಚಿ, ಸುತ್ತಿಗೆಯಿಂದ ಮೆಲ್ಲನೆ ತಟ್ಟಬೇಕು. ಸೊಂಟದ ಪಟ್ಟಿ ಕಟ್ಟಿದ ಹಾಗೆ: ಜಾರದಷ್ಟು ಬಿಗಿ, ಉಸಿರು ಕಟ್ಟದಷ್ಟು ಸಡಿಲ. ಆ ಜಗಲಿಯಲ್ಲಿ ಇನ್ನೂರಕ್ಕೂ ಹೆಚ್ಚು ಕ್ಲಿಪ್ಪುಗಳಿದ್ದವು. ರಬ್ಬರು ಒಣಗಿ ಬಿರಿದಿದ್ದರಿಂದ ಆ ವೈರನ್ನು ತೆಗೆಸಿ ಹೊಸದು ಹಾಕಿಸಲೇಬೇಕೆಂದು ಅಂದೇ ಹೇಳಿದೆ. ಆದರೆ ಬೋರ್ಡನ್ನು ಬಿಚ್ಚಿ ಒಂದೊಂದೇ ಸ್ಕ್ರೂ ನೋಡಿದಾಗ ಯಾವುದರ ಬಳಿಯೂ ಕಪ್ಪು ಕಲೆ ಇರಲಿಲ್ಲ, ಒಂದೂ ಸಡಿಲವಾಗಿರಲಿಲ್ಲ. ಅಷ್ಟು ವರ್ಷ ಆ ಸ್ಕ್ರೂಗಳಿಗೆ ವೈರಿನ ಎಳೆತವೇ ತಾಕಿರಲಿಲ್ಲ. ಆ ಪುಣ್ಯಾತ್ಮನ ಹೆಸರು ಮನೆಯಲ್ಲಿ ಯಾರಿಗೂ ನೆನಪಿಲ್ಲ.

ಬಚ್ಚಲಿಗೆ ಪಿವಿಸಿ ಪೈಪಿನಲ್ಲಿ 4 ಚದರ ಮಿಲಿಮೀಟರಿನ ವೈರು ಎಳೆಸಿ, 60 ಸೆಂಟಿಮೀಟರಿಗೊಂದು ಸ್ಯಾಡಲ್ ಹೊಡೆಸಿ, ಡಬ್ಬಿಯ ಹತ್ತಿರ ಅರ್ಧ ಅಡಿಯಲ್ಲೇ ಇನ್ನೊಂದು ಹೊಡೆಸಿದೆ. ಡಬ್ಬಿಯೊಳಗೆ ಆರಂಗುಲ ವೈರನ್ನು ಮಡಚಿ ಬಿಡಿಸಿದೆ. ಪಾಣಿಪಂಚೆಗೆ ಬೇರೆ ಹಗ್ಗ ಕಟ್ಟಿಸಿದೆ.

ಡಬ್ಬಿಯ ಹತ್ತಿರ ಇನ್ನೊಂದು ಸ್ಯಾಡಲ್ ಹೊಡೆಸಿದೆ ಎಂದೆನಲ್ಲ, ಅಲ್ಲಿ ಒಂದು ಹಿಡಿತ ಇರಲೇಬೇಕು; ಅದನ್ನು ಅತ್ಯಂತ ಶಿಸ್ತಿನಿಂದ ಮಾಡುವುದನ್ನು ನಾನು ನೋಡಿದ್ದು ಮಗಳು ಇರುವ ಅಮೆರಿಕದಲ್ಲಿ. ಅಲ್ಲಿ ಮರದ ಚೌಕಟ್ಟಿನ ಮನೆಗಳೇ ಹೆಚ್ಚು. ಪೈಪಿಲ್ಲದೆ ಚಪ್ಪಟೆ ಕೇಬಲ್ಲನ್ನೇ ಮರಕ್ಕೆ ಸ್ಟೇಪಲ್ ಹೊಡೆದು ಕೂರಿಸುತ್ತಾರೆ. ನಾಲ್ಕೂವರೆ ಅಡಿಗೊಂದು ಸ್ಟೇಪಲ್, ಡಬ್ಬಿಯಿಂದ 12 ಅಂಗುಲದೊಳಗೆ ಒಂದು. ಡಬ್ಬಿಗೇ ಕ್ಲಾಂಪು ಇದ್ದರೆ ಅದು ಕೇಬಲ್ಲನ್ನು ಕಚ್ಚಿ ಹಿಡಿಯುತ್ತದೆ; ಕ್ಲಾಂಪಿಲ್ಲದ ಒಂಟಿ ಪ್ಲಾಸ್ಟಿಕ್ ಡಬ್ಬಿಯಾದರೆ 8 ಅಂಗುಲದೊಳಗೇ ಸ್ಟೇಪಲ್ ಬರಬೇಕು. ಕ್ಲಾಂಪು ಹಿಡಿಯುವುದು ಹೊರಗಿನ ದಪ್ಪ ಹೊದಿಕೆಯನ್ನು, ಒಳಗಿನ ಬಣ್ಣದ ವೈರುಗಳನ್ನಲ್ಲ. ಸ್ಟೇಪಲ್ಲು ಕೇಬಲ್ಲನ್ನು ಮುಟ್ಟಿದ ಕೂಡಲೇ ಸುತ್ತಿಗೆ ನಿಲ್ಲಬೇಕು. ಇನ್ನೊಂದು ಏಟು ಬಿದ್ದರೆ ಹೊದಿಕೆ ಜಜ್ಜಿಹೋಗುತ್ತದೆ. ನಮ್ಮಲ್ಲಿ ಪ್ಲಾಸ್ಟಿಕ್ ಕ್ಲಿಪ್ಪಿನ ಮೊಳೆ ಹೊಡೆಯುವವರಿಗೂ ಇದೇ ಮಾತು: ವೈರನ್ನು ಹಿಡಿಯಬೇಕು, ಹಿಸುಕಬಾರದು. ಅಮೆರಿಕದಲ್ಲಿ ಇದೆಲ್ಲವನ್ನೂ ಗೋಡೆ ಮುಚ್ಚುವ ಮೊದಲು ತಪಾಸಣೆಯವರು ಬಂದು ನೋಡುತ್ತಾರೆ. ನೀವು ಮನೆ ಕಟ್ಟಿಸುತ್ತಿದ್ದರೆ ಪ್ಲಾಸ್ಟರಿಂಗ್ ಆಗುವ ಮೊದಲು ಪ್ರತಿ ಗೋಡೆಯ ಫೋಟೋ ನಿಮ್ಮ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಟೈಲ್ಸಿನ ಬಣ್ಣ ಆರಿಸಲು ನಾಲ್ಕು ಅಂಗಡಿ ಸುತ್ತುವವರು ಇದಕ್ಕೆ ಒಂದು ಮಧ್ಯಾಹ್ನ ಕೊಡಲಾರಿರಾ?

ನಗರದವರಿಗೂ ಒಂದು ಮಾತು. ಫಾಲ್ಸ್ ಸೀಲಿಂಗಿನ ಮೇಲೆ ಪೈಪಿಲ್ಲದೆ ವೈರನ್ನು ಸುಮ್ಮನೆ ಚೆಲ್ಲಿ, ಕೆಳಗಿನ ಎಲ್‌ಇಡಿ ದೀಪಕ್ಕೆ ಸಿಕ್ಕಿಸಿ ಹೋಗುವ ಕೆಲಸ ಈಗ ಎಲ್ಲ ಕಡೆ ನಡೆಯುತ್ತಿದೆ. ಯಾರಿಗೂ ಕಾಣುವುದಿಲ್ಲ ಎನ್ನುತ್ತಾರೆ. ಇಲಿಗೆ ಕಾಣುತ್ತದೆ. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರನ್ನು ನೋಡಿ: ಭಾರ ಹೊರುವುದು ಬಿಗಿದು ಕಟ್ಟಿದ ಜಿಐ ತಂತಿ, ಅಂದರೆ ಸತು ಲೇಪಿಸಿದ ಕಬ್ಬಿಣದ ತಂತಿ; ಕರೆಂಟಿನ ವೈರು ಅದಕ್ಕೆ ಆತುಕೊಂಡಿರುತ್ತದೆ ಅಷ್ಟೆ. ಬೀದಿಯಲ್ಲಿ ಪಾಲಿಸುವ ನಿಯಮವನ್ನು ಮನೆಯೊಳಗೂ ಪಾಲಿಸಿ ಎಂದಷ್ಟೇ ನಾನು ಕೇಳುತ್ತಿರುವುದು.

ಸಮಯ ಸ್ವಲ್ಪವೇ ಉಳಿದಿದೆ. ತಗಡಿನ ಡಬ್ಬಿಯ ತೂತಿನಲ್ಲಿ ವೈರು ಹಾದುಹೋಗುವಾಗ ರಬ್ಬರು ಬುಷ್ ಅಥವಾ ಗ್ಲ್ಯಾಂಡ್ ಇರಬೇಕು, ಇಲ್ಲದಿದ್ದರೆ ತಗಡಿನ ಅಂಚೇ ಕತ್ತಿಯಾಗುತ್ತದೆ. ನೇತಾಡುವ ಹೋಲ್ಡರಿನ ಮುಚ್ಚಳದೊಳಗೆ, ಮೇಲೆ ವೈರು ಇಳಿಯುವಲ್ಲಿ ಸೂರಿಗೆ ಕೂರಿಸಿದ ಸೀಲಿಂಗ್ ರೋಸ್ ಎಂಬ ಗುಂಡನೆಯ ಡಬ್ಬಿಯೊಳಗೆ, ವೈರಿಗೆ ಹಿಡಿತ ಸಿಗುವಂತೆ ಗಂಟು ಹಾಕಿಸಿ. ಬಲ್ಬಿನ ಭಾರ ಗಂಟು ಹೊರಲಿ.

ಕೊನೆಯದಾಗಿ ನಿಮ್ಮ ಇಸ್ತ್ರಿಪೆಟ್ಟಿಗೆಯ ಮೂರು ಪಿನ್ನಿನ ಪ್ಲಗ್ಗು. ಅದನ್ನು ಸಾಕೆಟ್ಟಿನಿಂದ ಕಳಚಿ ಕೈಯಲ್ಲಿ ಹಿಡಿದು, ವೈರು ಪ್ಲಗ್ಗಿನೊಳಗೆ ಹೋಗುವ ಬಾಯಿಯನ್ನು ನೋಡಿ. ಅಲ್ಲಿ ಕೆಂಪು, ಕಪ್ಪು, ಹಸಿರು ವೈರುಗಳು ಇಣುಕುತ್ತಿದ್ದರೆ ಒಳಗಿನ ಪಟ್ಟಿ ಹೊರ ಹೊದಿಕೆಯನ್ನು ಹಿಡಿದಿಲ್ಲ, ಎಳೆತವೆಲ್ಲ ಸ್ಕ್ರೂಗಳ ಮೇಲೆಯೇ ಇದೆ ಎಂದರ್ಥ. ಬಿಚ್ಚಿ, ಹೊದಿಕೆ ಪಟ್ಟಿಯ ಒಳಗೆ ಬರುವಂತೆ ಮತ್ತೆ ಕಟ್ಟಿಸಿ. ಕಟ್ಟುವವರಿಗೆ ಹಸಿರು ವೈರನ್ನು ಉಳಿದೆರಡಕ್ಕಿಂತ ಒಂದಿಷ್ಟು ಉದ್ದ ಬಿಡಲು ಹೇಳಿ. ಯಾರಾದರೂ ಎಡವಿ ವೈರು ಕಿತ್ತುಬಂದರೂ ಅರ್ಥಿನ ವೈರು ಎಲ್ಲಕ್ಕಿಂತ ಕೊನೆಗೆ ಕಳಚಬೇಕು. ಇಸ್ತ್ರಿಪೆಟ್ಟಿಗೆ ಆದಮೇಲೆ ಮಿಕ್ಸಿಯದನ್ನೂ ನೋಡಿ.

ನಮಸ್ಕಾರ.