ದೇವರ ಸ್ವಭಾವದಲ್ಲಿ ನಮಗೂ ಪಾಲು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಸಭೆಯಲ್ಲಿ ಭಾನುವಾರದ ಆರಾಧನೆ ಮುಗಿದ ಮೇಲೆ ಯುವಜನರಿಗೆ ಸತ್ಯವೇದದ ಅಧ್ಯಯನ ನಡೆಯುತ್ತದೆ. ಹತ್ತು ಹನ್ನೆರಡು ಜನ ಬರುತ್ತಾರೆ. ಪಿಯುಸಿಯವರು, ಡಿಗ್ರಿಯವರು, ಆಗಲೇ ಕೆಲಸಕ್ಕೆ ಸೇರಿದ ಒಬ್ಬಿಬ್ಬರು. ನಮ್ಮದು ಕರಾವಳಿಯ ಊರು. ಬಂದರು ದೂರವಿಲ್ಲ. ಕೆಲವು ತಿಂಗಳಿನಿಂದ ಈ ಅಧ್ಯಯನ ನಡೆಸುವ ಜವಾಬ್ದಾರಿ ನನ್ನದು. ಈ ಸಲ ತೆಗೆದುಕೊಂಡ ವಿಷಯ ದೇವರ ಸ್ವಭಾವ. ಯೇಸುವಿನ ಶಿಷ್ಯ ಪೇತ್ರನ ಹೆಸರಿನಲ್ಲಿರುವ ಎರಡನೆಯ ಪತ್ರ, 1ನೇ ಅಧ್ಯಾಯ, 4ನೇ ವಚನ. ನಾವು ದೇವರ ಸ್ವಭಾವದಲ್ಲಿ ಪಾಲು ಹೊಂದಬೇಕು ಎಂದೇ ದೇವರು ಅಷ್ಟು ದೊಡ್ಡ ವಾಗ್ದಾನಗಳನ್ನು ಕೊಟ್ಟಿದ್ದಾನೆ ಎಂದು ಅಲ್ಲಿ ಬರೆದಿದೆ.

ಮೊದಲ ವಾರ ನಾನು ಮಾಡಿದ್ದು ಸರಿಹೋಗಲಿಲ್ಲ. ದೇವರು ಸರ್ವಶಕ್ತ, ಸರ್ವಜ್ಞ, ಸರ್ವವ್ಯಾಪಿ ಎಂದು ಬೋರ್ಡಿನ ಮೇಲೆ ಬರೆದು ವಿವರಿಸುತ್ತಾ ಹೋದೆ. ಎಲ್ಲರೂ ನೋಟ್ಸ್ ಬರೆದುಕೊಂಡರು. ಯಾರೂ ಪ್ರಶ್ನೆ ಕೇಳಲಿಲ್ಲ. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ ಮೂರರಲ್ಲಿ ನಮಗೆ ಪಾಲಾದರೂ ಹೇಗೆ ಸಿಗುತ್ತದೆ? ನನ್ನ ಮಾತು ವಚನದ ಹತ್ತಿರಕ್ಕೇ ಹೋಗಿರಲಿಲ್ಲ.

ಮುಗಿಸಿ ಚಾಪೆ ಸುತ್ತುವಾಗ ಒಬ್ಬಳು ಹುಡುಗಿ ಹತ್ತಿರ ಬಂದಳು. "ಅಕ್ಕ, ಮನೆಯಲ್ಲಿ ಎಲ್ಲರೂ ನನ್ನನ್ನು ಮುಂಗೋಪಿ ಅಂತಾರೆ. ಅಪ್ಪನ ಹಾಗೇ ಅಂತಾರೆ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಅದು ನಿಜಾನಾ?" ಎಂದು ಕೇಳಿದಳು.

ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆ ಗಾದೆಯನ್ನು ನಾನೂ ಎಷ್ಟೋ ಸಲ ಆಡಿದ್ದೇನೆ. ನಮ್ಮ ಮಕ್ಕಳಿಗೆ ನಾವು ಎಷ್ಟು ಸುಲಭವಾಗಿ ಅದನ್ನು ಅಂಟಿಸುತ್ತೇವೆ, ಅಲ್ವಾ? ಇವನು ಸೋಮಾರಿ, ಇವಳು ಜಗಳಗಂಟಿ, ಇವನ ಸ್ವಭಾವವೇ ಹಾಗೆ. ಹದಿನೇಳು ವರ್ಷಕ್ಕೇ ಆ ಮಗುವಿನ ಮೇಲೆ ಬಾಗಿಲು ಮುಚ್ಚಿದ ಹಾಗೆ. ನಾವು ಓದುತ್ತಿದ್ದ ವಚನದ ನಿಜವಾದ ಪ್ರಶ್ನೆಯನ್ನು ಕೇಳಿದವಳು ಅವಳು. ಸ್ವಭಾವ ಬದಲಾಗುತ್ತದಾ?

ಮುಂದಿನ ವಾರ ಬೋರ್ಡು ಬಿಟ್ಟು ಎಲ್ಲರೂ ಸುತ್ತಲೂ ಕುಳಿತೆವು. ವಿಮೋಚನಕಾಂಡ 34ನೇ ಅಧ್ಯಾಯ ತೆಗೆದೆವು. ಅಲ್ಲಿ ಬೆಟ್ಟದ ಮೇಲೆ ದೇವರು ಮೋಶೆಗೆ ತಾನು ಎಂಥವನು ಎಂದು ತಾನೇ ಹೇಳುತ್ತಾನೆ. ಮೊದಲು ಬರುವ ಮಾತು ಶಕ್ತಿಯದಲ್ಲ. ಕನಿಕರ, ದಯೆ, ದೀರ್ಘಶಾಂತಿ, ಪ್ರೀತಿ, ನಂಬಿಗಸ್ತಿಕೆ. ಇದರಲ್ಲಿ ದೀರ್ಘಶಾಂತಿ ಎನ್ನುವುದಕ್ಕೆ ಹೀಬ್ರೂ ಭಾಷೆಯಲ್ಲಿರುವ ಮಾತನ್ನು ಅಕ್ಷರಕ್ಕೆ ಅಕ್ಷರ ಹೇಳಿದರೆ ಉದ್ದ ಮೂಗಿನವನು ಎಂದಾಗುತ್ತದೆ. ಹೀಬ್ರೂ ಭಾಷೆಯಲ್ಲಿ ಮೂಗಿಗೂ ಸಿಟ್ಟಿಗೂ ಒಂದೇ ಶಬ್ದ. ಮೂಗು ಉದ್ದವಾದರೆ ಸಿಟ್ಟು ತುದಿಗೆ ಬರಲು ತಡವಾಗುತ್ತದೆ. ನಾವು ಕನ್ನಡದಲ್ಲಿ ಮೂಗಿನ ತುದಿಯಲ್ಲೇ ಸಿಟ್ಟು ಎನ್ನುತ್ತೇವಲ್ಲ, ಅದಕ್ಕೆ ಸರಿಯಾಗಿ ಎದುರಿನ ಮಾತು ಇದು. ಹೇಳಿದ ಕೂಡಲೇ ಎಲ್ಲರೂ ನಕ್ಕರು. ಆ ಹುಡುಗಿ ಮಾತ್ರ ನಗಲಿಲ್ಲ, ವಚನದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಳು.

ಇನ್ನೊಂದು ಸಂಗತಿ. ಕರಾವಳಿಯಲ್ಲಿ ಅಧ್ಯಯನ ನಡೆಸುವವರು ದೈವಸ್ವಭಾವ ಎಂಬ ಮಾತನ್ನು ಸ್ವಲ್ಪ ನೋಡಿ ಬಳಸಬೇಕು. ನಮ್ಮ ಕಡೆ ದೈವ ಎಂದರೆ ಕೋಲ ನಡೆಯುವ ದೈವಗಳು. ಅದು ನೆರೆಮನೆಯವರ ಭಕ್ತಿಯ ಮಾತು, ಅದಕ್ಕೆ ಅದರದೇ ಮರ್ಯಾದೆ ಇದೆ. ಎರಡನ್ನೂ ಕಲಸುವುದು ಬೇಡ ಎಂದು ನಾವು ದೇವರ ಸ್ವಭಾವ ಎಂದೇ ಹೇಳುತ್ತೇವೆ.

ಆಮೇಲೆ ಪಾಲು ಎಂಬ ಮಾತಿಗೆ ಬಂದೆವು. ಪತ್ರದಲ್ಲಿ ಪಾಲುಗಾರರು ಎನ್ನುವುದಕ್ಕೆ ಇರುವ ಗ್ರೀಕ್ ಮಾತೇ ಲೂಕನ ಸುವಾರ್ತೆಯ 5ನೇ ಅಧ್ಯಾಯದ 10ನೇ ವಚನದಲ್ಲೂ ಇದೆ. ಅಲ್ಲಿ ಜೆಬೆದಾಯನ ಮಕ್ಕಳಾದ ಯಾಕೋಬ ಮತ್ತು ಯೋಹಾನ ಮೀನು ಹಿಡಿಯುವುದರಲ್ಲಿ ಸೀಮೋನ ಪೇತ್ರನ ಪಾಲುಗಾರರು. ದೋಣಿಯ ಮಾತು ಅದು! ಇಷ್ಟು ಹೇಳಿದ್ದೇ ತಡ, ಬಂದರಿನ ಐಸ್ ಪ್ಲಾಂಟಿನಲ್ಲಿ ಕೆಲಸ ಮಾಡುವವರ ಮಗ ಎದ್ದು ಕುಳಿತ. ಅಜ್ಜ ಹೇಳುತ್ತಿದ್ದ ರಂಪಣಿಯ ಕಥೆಯನ್ನು ಅವನೇ ಎಲ್ಲರಿಗೂ ಹೇಳಿದ. ದಡದಿಂದ ಎಳೆಯುವ ಭಾರಿ ಬಲೆ ಅದು. ಹತ್ತಾರು ಜನ ಕೂಡಿ ಎಳೆಯಬೇಕು. ಬಲೆಗೆ ಪಾಲು, ದೋಣಿಗೆ ಪಾಲು, ಎಳೆದವರಿಗೆ ಪಾಲು. 1970ರ ದಶಕದ ಕೊನೆಯ ಹೊತ್ತಿಗೆ ಮೀನಿನ ಹಿಂಡನ್ನು ಸುತ್ತುವರಿದು ಬಲೆ ಹಾಕುವ ಪರ್ಸೀನ್ ಬೋಟುಗಳು ಬಂದ ಮೇಲೆ ದೊಡ್ಡ ರಂಪಣಿ ಹಿಂದೆ ಸರಿಯಿತು. ಅದರ ಚಿಕ್ಕ ರೂಪವಾದ ಕೈರಂಪಣಿ ಈಗಲೂ ಅಲ್ಲಲ್ಲಿ ಉಂಟು.

"ಪಾಲು ಅಂದರೆ ಸಂಬಳ ಅಲ್ಲ ಅಕ್ಕ," ಎಂದ ಅವನು. "ಮೀನು ಸಿಗದಿದ್ದ ದಿನ ಎಲ್ಲರಿಗೂ ಇಲ್ಲ. ಸಿಕ್ಕಿದ ದಿನ ಎಲ್ಲರಿಗೂ ಉಂಟು."

ಇದಕ್ಕಿಂತ ಚೆನ್ನಾಗಿ ನಾನು ಹೇಳಲು ಆಗುತ್ತಿರಲಿಲ್ಲ. ಪಾಲುಗಾರ ಆಳಲ್ಲ, ಒಡೆಯನೂ ಅಲ್ಲ. ಹಗ್ಗಕ್ಕೆ ಕೈ ಹಾಕಿದವನು. ಲೂಕ 5ರಲ್ಲಿ ಬಲೆ ಹರಿಯುವಷ್ಟು ಮೀನು ಸಿಕ್ಕಿದ್ದು ಯೇಸುವಿನ ಮಾತಿನಿಂದ. ರಾತ್ರಿಯೆಲ್ಲಾ ದುಡಿದರೂ ಏನೂ ಸಿಕ್ಕಿರಲಿಲ್ಲ ಎಂದು ಪೇತ್ರನೇ ಹೇಳುತ್ತಾನೆ. ಮೀನು ಕೊಟ್ಟದ್ದು ದೇವರು, ಬಲೆ ಎಳೆದದ್ದು ಇವರು.

ಆಗ ಡಿಗ್ರಿ ಓದುವ ಹುಡುಗನೊಬ್ಬ ಕಷ್ಟದ ಪ್ರಶ್ನೆ ಕೇಳಿದ. ಹಾಗಾದರೆ ನಾವು ದೇವರೇ ಆಗಿಬಿಡುತ್ತೇವಾ? ಅಧ್ಯಯನ ನಡೆಸುವವರು ಈ ಪ್ರಶ್ನೆಗೆ ಹೆದರಬಾರದು, ತಳ್ಳಿಯೂ ಹಾಕಬಾರದು. ಆದಿಕಾಂಡ 3ನೇ ಅಧ್ಯಾಯದಲ್ಲಿ ಸರ್ಪ ತೋರಿಸಿದ ಆಸೆ ಅದೇ. ಹಣ್ಣು ತಿನ್ನಿ, ದೇವರ ಹಾಗೆ ಆಗುತ್ತೀರಿ ಎಂದಿತು. ಅದು ಕಿತ್ತುಕೊಳ್ಳುವ ದಾರಿ. ಫಿಲಿಪ್ಪಿಯವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಕ್ರಿಸ್ತನು ಇದಕ್ಕೆ ವಿರುದ್ಧವಾದದ್ದನ್ನು ಮಾಡುತ್ತಾನೆ. ದೇವರಿಗೆ ಸಮಾನನಾಗಿದ್ದರೂ ಅದನ್ನು ಬಿಗಿಹಿಡಿಯದೆ ಕೆಳಗಿಳಿದು ಬರುತ್ತಾನೆ. ಪಾಲು ಸಿಗುವುದು ಕೊಡುವವನ ಕೈಯಿಂದ. ಸಭಾಪಿತೃಗಳು, ಅಂದರೆ ಕ್ರೈಸ್ತ ಸಭೆಯ ಹಳೆಯ ಕಾಲದ ಗುರುಗಳು, ಬೆಂಕಿಯಲ್ಲಿಟ್ಟ ಕಬ್ಬಿಣದ ಹೋಲಿಕೆ ಕೊಡುತ್ತಿದ್ದರು. ಕುಲುಮೆಯಲ್ಲಿ ಕಬ್ಬಿಣ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಬೆಳಕು ಕೊಡುತ್ತದೆ. ಆದರೂ ಅದು ಕಬ್ಬಿಣವೇ. ಹೊರಗೆ ತೆಗೆದು ಇಟ್ಟರೆ ತಣ್ಣಗಾಗುತ್ತದೆ. ಹುಡುಗನಿಗೆ ಪೂರ್ತಿ ಸಮಾಧಾನ ಆಯಿತೋ ಇಲ್ಲವೋ, ನಾನು ಒತ್ತಾಯ ಮಾಡಲಿಲ್ಲ. ಈ ಪತ್ರ ಪೇತ್ರನೇ ಬರೆದದ್ದೇ ಎಂಬ ಪ್ರಶ್ನೆಯೂ ಅವನಿಂದಲೇ ಬಂತು. ಆ ಚರ್ಚೆ ಸಭೆಯ ಮೊದಲ ಶತಮಾನಗಳಿಂದಲೇ ಇದೆ ಎಂದು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಮುಚ್ಚಿಟ್ಟರೆ ನಾಳೆ ಅವನು ಬೇರೆ ಕಡೆ ಓದಿ ನಮ್ಮನ್ನೇ ನಂಬದೆ ಹೋಗುತ್ತಾನೆ.

ಮೂರನೇ ವಾರ ಪೇತ್ರನ ಪತ್ರದ ಅದೇ ಅಧ್ಯಾಯದ 5ರಿಂದ 7ನೇ ವಚನ. ನಂಬಿಕೆಗೆ ಸದ್ಗುಣ, ಅದಕ್ಕೆ ಜ್ಞಾನ, ಆಮೇಲೆ ದಮೆ, ತಾಳ್ಮೆ, ಭಕ್ತಿ, ಸಹೋದರಸ್ನೇಹ, ಕೊನೆಗೆ ಪ್ರೀತಿ. ದಮೆ ಎಂದರೇನು ಎಂದು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಚಿಕ್ಕಂದಿನಿಂದ ಬಾಯಿಪಾಠ ಹೇಳಿದ ವಚನ, ಆದರೂ ಗೊತ್ತಿರಲಿಲ್ಲ. ದಮೆ ಎಂದರೆ ತನ್ನನ್ನು ತಾನು ಹಿಡಿತದಲ್ಲಿಟ್ಟುಕೊಳ್ಳುವುದು. ಆ ಮಾತಿನ ಬೇರು ಪಳಗಿಸುವುದು. ಇನ್ನೂ ನೊಗ ಕಾಣದ ಎಳೆ ಹೋರಿಗೆ ಸಂಸ್ಕೃತದಲ್ಲಿ ದಮ್ಯ ಎನ್ನುತ್ತಾರೆ. ಹೋರಿ ಪಳಗಿಸುವವನು ಅದರ ಶಕ್ತಿಯನ್ನು ಕೊಲ್ಲುವುದಿಲ್ಲ. ಆ ಶಕ್ತಿಯೇ ನೇಗಿಲು ಎಳೆಯಬೇಕು. ನಾನು ಇದನ್ನು ಹೇಳುವಾಗ ಆ ಹುಡುಗಿಯ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ. ಗುಂಪಿನಲ್ಲಿ ಒಬ್ಬರ ಕುಂದನ್ನು ಎತ್ತಿ ತೋರಿಸಿದರೆ ಆ ಮಗು ಮತ್ತೆ ಬರುವುದಿಲ್ಲ. ತಪ್ಪು ಒಪ್ಪಿಕೊಳ್ಳಿ ಎಂದು ಎಲ್ಲರ ಎದುರು ಕೇಳುವುದನ್ನೂ ನಾನು ಒಪ್ಪುವುದಿಲ್ಲ. ಒಬ್ಬೊಬ್ಬರೂ ಒಂದು ಗುಣ ಆರಿಸಿಕೊಂಡು, ಯಾರಿಗೂ ಹೇಳದೆ, ಒಂದು ವಾರ ಅದರ ಜೊತೆ ಇರಬೇಕು ಎಂದಷ್ಟೇ ಹೇಳಿದೆ.

ಮುಂದಿನ ಭಾನುವಾರ ಅವಳು ಎಲ್ಲರಿಗಿಂತ ಮೊದಲೇ ಬಂದಳು.

"ಅಕ್ಕ, ತಮ್ಮ ನನ್ನ ರೆಕಾರ್ಡ್ ಪುಸ್ತಕದ ಮೇಲೆ ನೀರು ಚೆಲ್ಲಿದ. ಸುಮ್ನಿದ್ದೆ. ಬುಧವಾರ ಅಮ್ಮ ಏನೋ ಅಂದರು. ಆವಾಗಲೂ ಸುಮ್ನಿದ್ದೆ. ಶುಕ್ರವಾರ ಆಗಲೇ ಇಲ್ಲ. ತುಂಬಾ ಕೂಗಾಡಿಬಿಟ್ಟೆ." ಅವಳ ಕಣ್ಣು ತುಂಬಿತ್ತು. "ಗಾದೆ ನಿಜವೇ ಅಕ್ಕ."

ಅವತ್ತಿಗೆ ತಯಾರಿ ಮಾಡಿಕೊಂಡಿದ್ದ ಪಾಠವನ್ನು ಪಕ್ಕಕ್ಕಿಟ್ಟೆ. ಎಲ್ಲರೂ ಬಂದ ಮೇಲೆ ಪೇತ್ರನ ಜೀವನವನ್ನೇ ಓದಿದೆವು. ಯೇಸುವನ್ನು ಹಿಡಿಯಲು ಬಂದಾಗ ತೋಟದಲ್ಲಿ ಕತ್ತಿ ಹಿರಿದು ಮಹಾಯಾಜಕನ ಆಳು ಮಲ್ಕನ ಕಿವಿ ಕತ್ತರಿಸಿದವನು. ಅದೇ ರಾತ್ರಿ ಕೋಳಿ ಕೂಗುವುದರೊಳಗೆ ಮೂರು ಸಲ, ಯೇಸುವಿನ ವಿಷಯದಲ್ಲಿ, ಆ ಮನುಷ್ಯನನ್ನು ನಾನರಿಯೆ ಎಂದವನು. ಆಮೇಲೆ ಪವಿತ್ರಾತ್ಮನು ಬಂದ, ಪೇತ್ರ ಧೈರ್ಯವಾಗಿ ನಿಂತು ಮಾತಾಡಿದ. ನಮ್ಮ ಪಾಠಗಳಲ್ಲಿ ಕಥೆ ಜಾಸ್ತಿ ಅಲ್ಲಿಗೇ ನಿಲ್ಲುತ್ತದೆ. ನಾವು ನಿಲ್ಲಿಸಲಿಲ್ಲ. ಗಲಾತ್ಯದವರಿಗೆ ಬರೆದ ಪತ್ರ, 2ನೇ ಅಧ್ಯಾಯ, 11ನೇ ವಚನ ತೆಗೆದೆವು. ಎಷ್ಟೋ ವರ್ಷ ಕಳೆದ ಮೇಲೆ ಅಂತಿಯೋಕ್ಯದಲ್ಲಿ ಪೇತ್ರ ಮತ್ತೆ ಹೆದರುತ್ತಾನೆ. ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ, ಜೊತೆ ಕೂತು ಊಟ ಮಾಡುತ್ತಿದ್ದವನು, ಯೆರೂಸಲೇಮ್ ಸಭೆಯ ಮುಖ್ಯಸ್ಥ ಯಾಕೋಬನ (ಜೆಬೆದಾಯನ ಮಗನಲ್ಲ, ಬೇರೆ ಯಾಕೋಬ) ಕಡೆಯವರು ಬಂದ ಕೂಡಲೇ ಎದ್ದು ದೂರ ಹೋಗುತ್ತಾನೆ. ಪೌಲನು ಎಲ್ಲರ ಎದುರು ಅವನನ್ನು ಖಂಡಿಸುತ್ತಾನೆ.

ಅದನ್ನು ಅವಳೇ ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ ಸ್ವಲ್ಪ ಹೊತ್ತು ಪುಸ್ತಕವನ್ನೇ ನೋಡುತ್ತಾ ಕುಳಿತಳು.

"ಪಾಲು ಹೊಂದಬೇಕು ಅಂತ ಇರುವ ಪತ್ರ ಇದೇ ಪೇತ್ರನ ಹೆಸರಲ್ಲಾ ಇರೋದು?" ಎಂದು ಕೇಳಿದಳು.

ಹೌದು ಎಂದೆ.

ಅವಳು ಹಾಳೆ ತಿರುವಿ ಪೇತ್ರನ ಎರಡನೆಯ ಪತ್ರ ಹುಡುಕತೊಡಗಿದಳು.