ಹೆಲೆನ್ ಆಲಿಂಗಮ್: ಬಣ್ಣದಲ್ಲಿ ಉಳಿದ ಮನೆಗಳು

ಎಲ್ಲರಿಗೂ ನಮಸ್ಕಾರ.

ಹುಲ್ಲು ಹೊದಿಸಿದ ಮಾಡು, ಬೇಲಿ ತುಂಬ ಹೂವು, ಬಾಗಿಲಲ್ಲಿ ಮಗು ಎತ್ತಿಕೊಂಡು ನಿಂತ ತಾಯಿ. ಇಂಗ್ಲೆಂಡಿನ ಹಳ್ಳಿಯ ಇಂಥ ಚಿತ್ರವನ್ನು ಗ್ರೀಟಿಂಗ್ ಕಾರ್ಡಿನ ಮೇಲೋ ಕ್ಯಾಲೆಂಡರಿನಲ್ಲೋ ನೀವು ನೋಡಿರುತ್ತೀರಿ. ಚೆಂದ ಇದೆ ಅಂತ ಹೇಳಿ ಮುಂದೆ ಹೋಗಿಬಿಡುತ್ತೇವೆ, ಅಲ್ವಾ? ಇವತ್ತು ಸ್ವಲ್ಪ ಹೊತ್ತು ಅದರ ಮುಂದೆ ನಿಲ್ಲೋಣ. ಈ ಬಗೆಯ ಚಿತ್ರಗಳಿಗೆ ಹೆಸರಾದ ಹೆಲೆನ್ ಆಲಿಂಗಮ್ ಕುಂಚ ಹಿಡಿದು ಮನೆ ನಡೆಸಿದ ಹೆಂಗಸು. ಅವರ ಚಿತ್ರಗಳನ್ನು ನೋಡುವಾಗ ನನಗೆ ಮೊದಲು ನೆನಪಾಗುವುದೇ ಅದು.

ಹೆಲೆನ್ ಪ್ಯಾಟರ್ಸನ್ ಹುಟ್ಟಿದ್ದು 1848ರ ಸೆಪ್ಟೆಂಬರ್ 26ರಂದು, ಡರ್ಬಿಶೈರಿನಲ್ಲಿ. ಏಳು ಮಕ್ಕಳಲ್ಲಿ ಹಿರಿಯವರು. ತಂದೆ ಡಾಕ್ಟರ್. 1862ರಲ್ಲಿ ಗಂಟಲುಮಾರಿ ಹರಡಿತು. ರೋಗಿಗಳನ್ನು ನೋಡುತ್ತಿದ್ದ ತಂದೆಗೇ ಅದು ತಗುಲಿತು. ತಂದೆಯೂ ಹೋದರು, ಪುಟ್ಟ ತಂಗಿಯೂ ಹೋದಳು. ಹೆಲೆನ್‌ಗೆ ಆಗ ಹದಿಮೂರು. ಸಂಸಾರ ಬರ್ಮಿಂಗ್‌ಹ್ಯಾಮಿಗೆ ಬಂತು. ಅಲ್ಲಿನ ಕಲಾಶಾಲೆಯಲ್ಲಿ ಕಲಿತ ಹುಡುಗಿ 1867ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯ ಶಾಲೆಗೆ ಸೇರಿದರು.

ಆ ಬಾಗಿಲು ತೆರೆದದ್ದು ಅವರ ಚಿಕ್ಕಮ್ಮ ಲಾರಾ ಹರ್ಫರ್ಡ್. 1860ರಲ್ಲಿ ಲಾರಾ ತಮ್ಮ ರೇಖಾಚಿತ್ರ ಕಳಿಸುವಾಗ ಪೂರ್ತಿ ಹೆಸರು ಬರೆಯಲಿಲ್ಲ, ಇನಿಷಿಯಲ್ ಮಾತ್ರ ಹಾಕಿದರು. ಕಳಿಸಿದವರು ಗಂಡಸೇ ಅಂದುಕೊಂಡು ಸೀಟು ಕೊಟ್ಟರು. ಹಾಗೆ ಆ ಶಾಲೆಗೆ ಮೊದಲ ವಿದ್ಯಾರ್ಥಿನಿ ಸಿಕ್ಕಿದರು. ಏಳು ವರ್ಷದ ಮೇಲೆ ಅಕ್ಕನ ಮಗಳು ಅದೇ ಬಾಗಿಲಲ್ಲಿ ಒಳಗೆ ಹೋದರು. ನನಗೆ ತುಂಬ ಇಷ್ಟವಾದ ಕಥೆ ಇದು.

ಆದರೆ ಓದಿನ ಜೊತೆಗೆ ಸಂಪಾದನೆಯೂ ಬೇಕಿತ್ತು. ಲಂಡನ್ನಿನಲ್ಲಿ ಆಗಷ್ಟೇ ಶುರುವಾಗಿದ್ದ 'ಗ್ರಾಫಿಕ್' ಎಂಬ ಚಿತ್ರಪತ್ರಿಕೆಗೆ 1870ರಲ್ಲಿ ಕೆಲಸಕ್ಕೆ ಸೇರಿದರು. ಆ ಕೆಲಸ ಹೇಗಿರುತ್ತಿತ್ತು ಗೊತ್ತಾ? ಗಟ್ಟಿ ಮರದ ಹಲಗೆಯ ಮೇಲೆ ಚಿತ್ರ ಬರೆಯಬೇಕು. ಕೆತ್ತುವವರು ಬಿಳಿ ಕಾಣಬೇಕಾದ ಜಾಗವನ್ನೆಲ್ಲ ಉಳಿಯಿಂದ ತೆಗೆದು ಅಚ್ಚು ಮಾಡುತ್ತಾರೆ. ನೀವು ಬರೆದ ಮೂಲ ಚಿತ್ರ ಆ ಉಳಿಗೇ ಬಲಿ. ವಾರವಾರವೂ ಗಡುವು.

1874ರಲ್ಲಿ ಥಾಮಸ್ ಹಾರ್ಡಿಯವರ 'ಫಾರ್ ಫ್ರಮ್ ದಿ ಮ್ಯಾಡಿಂಗ್ ಕ್ರೌಡ್' ಕಾದಂಬರಿ 'ಕಾರ್ನ್‌ಹಿಲ್' ಎಂಬ ಇನ್ನೊಂದು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅದಕ್ಕೆ ಚಿತ್ರ ಬರೆದವರು ಹೆಲೆನ್. ಹಳ್ಳಿಯವರ ಅಂಗಿ, ಕುರುಬರ ಕೋಲು ಹೇಗಿರುತ್ತವೆ ಎಂಬ ಬಗ್ಗೆ ಹಾರ್ಡಿಗೆ ಬಹಳ ಕಾಳಜಿ. ಹಳ್ಳಿಗರನ್ನು ಪೆದ್ದರ ಹಾಗೆ ತೋರಿಸಬಾರದು ಎಂಬುದು ಅವರ ಆಸೆ. ಮುಂದೆ ಹಾರ್ಡಿ, ನನಗೆ ಸಿಕ್ಕ ಚಿತ್ರಕಾರರಲ್ಲೆಲ್ಲ ಈಕೆಯೇ ಉತ್ತಮ ಅಂತ ಹೇಳಿದ್ದಾರೆ.

ಅದೇ ವರ್ಷ ಆಗಸ್ಟಿನಲ್ಲಿ ಐರಿಷ್ ಕವಿ ವಿಲಿಯಂ ಆಲಿಂಗಮ್ ಜೊತೆ ಮದುವೆಯಾಯಿತು. ಅವರಿಗೆ ಐವತ್ತು, ಇವರಿಗೆ ಇಪ್ಪತ್ತೈದು. ಲಂಡನ್ನಿನ ಚೆಲ್ಸಿಯಲ್ಲಿ ಮನೆ. ಹತ್ತಿರದಲ್ಲೇ ಹೆಸರಾಂತ ಲೇಖಕ, ಮುದುಕ ಥಾಮಸ್ ಕಾರ್ಲೈಲ್. ಅವರನ್ನು ಕೂರಿಸಿಕೊಂಡೂ ಹೆಲೆನ್ ಚಿತ್ರ ಬರೆದರು. ಮರದ ಹಲಗೆ ಬಿಟ್ಟು ಜಲವರ್ಣಕ್ಕೆ ಪೂರ್ತಿ ಮನಸ್ಸು ಕೊಟ್ಟದ್ದು ಈ ದಿನಗಳಲ್ಲೇ. 1875ರಲ್ಲಿ 'ಯಂಗ್ ಕಸ್ಟಮರ್ಸ್' ಎಂಬ ಚಿತ್ರ ನೋಡಿ ಹೆಸರಾಂತ ಕಲಾವಿಮರ್ಶಕ ಜಾನ್ ರಸ್ಕಿನ್, ಇದು ಮಾಣಿಕ್ಯಕ್ಕಿಂತ ಬೆಲೆಯುಳ್ಳದ್ದು ಎಂಬ ಅರ್ಥದ ಮಾತು ಬರೆದರು. ಅಂಗಡಿಗೆ ಬಂದ ಪುಟ್ಟ ಹುಡುಗಿಯರ ಚಿತ್ರ, ಅಷ್ಟೇ!

ಜಲವರ್ಣದಲ್ಲಿ ಕೈಯಾಡಿಸಿದವರಿಗೆ ಗೊತ್ತು, ಅಲ್ಲಿ ಬೆಳಕು ಅಂದರೆ ಕಾಗದವೇ. ಹಗ್ಗದ ಮೇಲೆ ಒಣಗಲು ಹಾಕಿದ ಬಿಳಿ ಬಟ್ಟೆ ಬೇಕಾದರೆ ಅಷ್ಟು ಜಾಗಕ್ಕೆ ಬಣ್ಣ ತಾಗಿಸದೆ ಸುತ್ತಲಿನ ಹಸಿರು ತುಂಬಬೇಕು. ಹೆಲೆನ್ ಇನ್ನೂ ಒಂದು ಹೆಜ್ಜೆ ಮುಂದೆ. ಹಾಕಿದ ಬಣ್ಣವನ್ನು ಸ್ಪಂಜಿನಿಂದ ಎತ್ತುವರು, ಒರಟು ಬ್ರಷ್ಷಿನಿಂದ ಉಜ್ಜುವರು, ಚಾಕುವಿನ ಮೊನೆಯಿಂದ ಕೆರೆದು ಹೂವಿಗೆ ಬೆಳಕು ತರುವರು. ದೂರದಿಂದ ಮೆತ್ತಗೆ ಕಾಣುವ ಆ ಹಿತ್ತಿಲನ್ನು ಹತ್ತಿರ ಹೋಗಿ ನೋಡಿದರೆ ಕಾಗದ ಎಷ್ಟು ಪೆಟ್ಟು ತಿಂದಿದೆ ಅಂತ ತಿಳಿಯುತ್ತದೆ.

1881ರಲ್ಲಿ ಸಂಸಾರ ಲಂಡನ್ ಬಿಟ್ಟು, ಅದರ ದಕ್ಷಿಣಕ್ಕಿರುವ ಸರ‍್ರೆಯ ವಿಟ್ಲಿ ಹತ್ತಿರದ ಹಳ್ಳಿಗೆ ಹೋಯಿತು. ಹಳೆಯ ಮನೆಗಳು ಕಣ್ಣಿಗೆ ಬಿದ್ದವು. ರೈಲು ಬಂದಮೇಲೆ ಲಂಡನ್ನಿನ ಶ್ರೀಮಂತರು ಅಲ್ಲಿ ಜಾಗ ಹಿಡಿಯುತ್ತಿದ್ದರು. ಹಳೆ ಮನೆಗಳನ್ನು ಕೆಡವುತ್ತಿದ್ದರು, ಇಲ್ಲವೇ ಗುರುತೇ ಸಿಗದ ಹಾಗೆ ರಿಪೇರಿ ಮಾಡುತ್ತಿದ್ದರು. 1886ರಲ್ಲಿ ಸರ‍್ರೆ ಮನೆಗಳ ಪ್ರದರ್ಶನ ಮಾಡಿದಾಗ, ಚಿತ್ರ ಬರೆದು ಕೆಲವೇ ತಿಂಗಳಾಗಿದ್ದರೂ ಇದರಲ್ಲಿ ಕೆಲವು ಮನೆಗಳು ಈಗಾಗಲೇ ಇಲ್ಲ ಅಂತ ಕ್ಯಾಟಲಾಗಿನಲ್ಲೇ ಹೇಳಬೇಕಾಯಿತು.

ಆ ಮನೆಗಳಲ್ಲಿದ್ದವರ ಬಡತನ, ಸೋರುವ ಮಾಡು, ಥಂಡಿ ಈ ಚಿತ್ರಗಳಲ್ಲಿ ಇಲ್ಲ ಅನ್ನುವವರಿದ್ದಾರೆ. ಆ ಮಾತು ಸರಿ. ನಾನು ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಹೆಲೆನ್ ನೋಡುತ್ತಿದ್ದದ್ದು ಗೋಡೆಯ ಇಟ್ಟಿಗೆಯನ್ನು, ಹಂಚಿನ ಮೇಲಿನ ಪಾಚಿಯನ್ನು, ಚಿಮಣಿ ವಾಲಿದ ರೀತಿಯನ್ನು. ಒಂದೊಂದು ಮನೆಯನ್ನೂ ಅದರದೇ ಮುಖ ಇರುವ ಹಾಗೆ ಬರೆದರು.

1889ರಲ್ಲಿ ವಿಲಿಯಂ ತೀರಿಕೊಂಡರು. ಹೆಲೆನ್‌ಗೆ ನಲವತ್ತೊಂದು, ಮೂರು ಮಕ್ಕಳು, ಕಿರಿಯವನಿಗೆ ಏಳು. ಗಂಡ ಬಿಟ್ಟುಹೋದ ದುಡ್ಡು ಜಾಸ್ತಿ ಇರಲಿಲ್ಲ. ಮರುವರ್ಷ, 1890ರಲ್ಲಿ, ಜಲವರ್ಣ ಕಲಾವಿದರ ರಾಯಲ್ ಸೊಸೈಟಿ ಅವರನ್ನು ಪೂರ್ಣ ಸದಸ್ಯೆ ಮಾಡಿಕೊಂಡಿತು. ಆ ಸ್ಥಾನ ಸಿಕ್ಕ ಮೊದಲ ಹೆಂಗಸು ಅವರೇ. ಅದಕ್ಕೆ ಮೊದಲು ಹದಿನೈದು ವರ್ಷ ಬರೀ ಸಹಸದಸ್ಯೆ! ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅವರು ಮಾತ್ರ, ಸಂಸಾರ ಅಷ್ಟರಲ್ಲಿ ಮರಳಿ ಬಂದಿದ್ದ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿದ್ದುಕೊಂಡೇ ಹಳ್ಳಿಗಳಿಗೆ ಹೋಗಿ ಚಿತ್ರ ಬರೆದು, ಮಾರಿ, ಮಕ್ಕಳನ್ನು ಬೆಳೆಸಿದರು. 1903ರಲ್ಲಿ 'ಹ್ಯಾಪಿ ಇಂಗ್ಲೆಂಡ್' ಪುಸ್ತಕದಲ್ಲಿ ಅವರ ಚಿತ್ರಗಳು ಬಣ್ಣದಲ್ಲಿ ಅಚ್ಚಾದವು.

1926ರ ಸೆಪ್ಟೆಂಬರ್ 28ರಂದು, ಎಪ್ಪತ್ತೆಂಟು ತುಂಬಿದ ಎರಡೇ ದಿನಕ್ಕೆ, ಅದೇ ಸರ‍್ರೆ ಸೀಮೆಯ ಹೇಸಲ್‌ಮಿಯರ್ ಬಳಿ ತೀರಿಕೊಂಡರು. ಹಳೆಯ ಗೆಳತಿಯೊಬ್ಬರ ಮನೆಗೆ ಬಂದಿದ್ದರು.

ಈಗ ದೀಪ ಆರಿಸಿ, ಚಿತ್ರಗಳನ್ನು ನೋಡೋಣ. ಒಂದು ಮಾತು: ಕಿಟಕಿಗಳನ್ನು ಗಮನಿಸಿ. ಮನೆಯವರು ಹೊಸದಾಗಿ ದೊಡ್ಡ ಗಾಜು ಕೂರಿಸಿದ್ದ ಕಡೆಯಲ್ಲೂ ಹೆಲೆನ್ ಹಳೆಯ ಕಾಲದ ಚಿಕ್ಕ ಚಿಕ್ಕ ಗಾಜುಗಳನ್ನೇ ಮತ್ತೆ ಜೋಡಿಸಿಟ್ಟಿದ್ದಾರೆ.