ನಮ್ ಲೈನಿಗೆ ರೈಲು ಬರುತ್ತಂತೆ, ಯಾವ ಟೈಮಿಗೆ?

ಕೇಳುಗರಿಗೆಲ್ಲ ನಮಸ್ಕಾರ. ಯಲಹಂಕ ಬಿಟ್ಟು ದೇವನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ ಹಾದು ಬಂಗಾರಪೇಟೆ ಸೇರೋ ಒಂದು ಲೈನ್ ಇದೆಯಲ್ಲ, ಅದರಲ್ಲಿ ನಿಂತೋಗಿದ್ದ ರೈಲುಗಳನ್ನ ಮತ್ತೆ ಓಡಿಸೋ ಪ್ಲಾನು ಇದೆಯಂತೆ, ಅದರ ಬಗ್ಗೆ ಇವತ್ತು ಸ್ವಲ್ಪ ಮಾತಾಡೋಣ. ಅದೇ ಹಳಿ ಪಕ್ಕದ ಊರಲ್ಲಿ ಬೆಳೆದವಳು ನಾನು, ರೈಲಿನ ಸದ್ದು ಕೇಳಿದ್ರೆ ಈಗಲೂ ಕತ್ತು ಆ ಕಡೆ ತಿರುಗುತ್ತೆ.

ಬಂಗಾರಪೇಟೆನ ಹಿಂದೆ ಬೌರಿಂಗ್‌ಪೇಟೆ ಅಂತಿದ್ರು, ಅಲ್ಲಿಂದ ಕೋಲಾರಕ್ಕೆ 1913ರಲ್ಲೇ ರೈಲು ಬಂತು, ಎರಡೇ ವರ್ಷಕ್ಕೆ, 1915ರಲ್ಲಿ, ಈ ಕಡೆ ಬೆಂಗಳೂರಿಂದ ಚಿಕ್ಕಬಳ್ಳಾಪುರಕ್ಕೂ ಬಂತು. ಎರಡೂವರೆ ಅಡಿ ಅಗಲದ ನ್ಯಾರೋ ಗೇಜು. ಆಮೇಲೆ ಎರಡು ತುದಿನೂ ಬ್ರಾಡ್ ಗೇಜ್, ಅಂದ್ರೆ ಅಗಲದ ಹಳಿ, ಆದ್ವು, ಆದ್ರೆ ಚಿಕ್ಕಬಳ್ಳಾಪುರ-ಕೋಲಾರದ ಮಧ್ಯದ ತುಂಡು ಬ್ರಾಡ್ ಗೇಜಾಗಿ ಓಪನ್ ಆಗೋಕೆ 2013ರ ನವೆಂಬರ್ ವರೆಗೂ ಕಾಯ್ಬೇಕಾಯ್ತು.

ಹಂಗೂ ಹಿಂಗೂ ರೈಲು ಓಡಾಡ್ತಿತ್ತು, ಅಷ್ಟರಲ್ಲಿ 2020ರ ಮಾರ್ಚಲ್ಲಿ ಕೊರೋನಾ ಅಂತ ದೇಶದಲ್ಲೆಲ್ಲ ಪ್ಯಾಸೆಂಜರ್ ರೈಲು ನಿಂತೇ ಹೋಯ್ತು. ವಾಪಸ್ ಬಂದ ಕೆಲವೂ ಸ್ಪೆಷಲ್ ಅನ್ನೋ ಹೆಸರಲ್ಲಿ ಬಂದ್ವು, ಹತ್ತು ರೂಪಾಯಿ ಇದ್ದ ಮಿನಿಮಮ್ ಟಿಕೆಟ್ ಮೂವತ್ತಾಯ್ತು, ಅದು ಮತ್ತೆ ಹತ್ತಕ್ಕೆ ಇಳಿದಿದ್ದು 2024ರ ಫೆಬ್ರವರಿಲಿ. ದಿನಾ ಕೂಲಿಗೆ ಹೋಗೋ ಹೆಣ್ಮಗಳಿಗೆ ಹೋಗ್ತಾ ಬರ್ತಾ ನಲವತ್ತು ರೂಪಾಯಿ ಜಾಸ್ತಿ ಅಂದ್ರೆ ಏನು ಅಂತ ನಾನು ಬಿಡಿಸಿ ಹೇಳ್ಬೇಕಾ? ಅಷ್ಟರಲ್ಲಿ ಜನಕ್ಕೆ ಬಸ್ಸೇ ಅಭ್ಯಾಸ ಆಗೋಗಿತ್ತು.

ಅದಕ್ಕೇ ನಾನು ಹೇಳೋದು, ನಿಂತಿದ್ದ ರೈಲನ್ನ ಮತ್ತೆ ಓಡಿಸೋ ಪ್ಲಾನು ಶುರು ಆಗ್ಬೇಕಾಗಿರೋದು ಹತ್ತೋರ ಗಡಿಯಾರದಿಂದ. ಕಾಲೇಜಿಗೆ, ಆಫೀಸಿಗೆ ಹೋಗೋರು ಎಂಟೂವರೆ ಒಳಗೆ ಯಲಹಂಕದಲ್ಲಿ ಇಳೀಬೇಕು, ಸಂಜೆ ಆರು ಗಂಟೆ ಮೇಲೆ ವಾಪಸ್ ಹೊರಡೋಕೆ ಒಂದು ಗಾಡಿ ಬೇಕು, ಅದು ತಪ್ಪಿದ್ರೆ ಇನ್ನೊಂದು ಇದೆ ಅನ್ನೋ ಧೈರ್ಯನೂ ಬೇಕು, ಯಾಕಂದ್ರೆ ರಾತ್ರಿ ಊರಿಗೆ ಹೋಗೋ ದಾರಿ ಗ್ಯಾರಂಟಿ ಇಲ್ಲ ಅಂದ್ರೆ ಯಾರೂ ಬೆಳಗ್ಗೆ ರೈಲು ಹತ್ತಲ್ಲ.

ಇದೇ ಲೈನಲ್ಲಿ ಬೆಂಗಳೂರು ಏರ್‌ಪೋರ್ಟಿಗೆ ಅಂತ ಮಾಡಿರೋ ಸಣ್ಣ ಸ್ಟೇಷನ್ನು, ಏರ್‌ಪೋರ್ಟ್ ಹಾಲ್ಟ್, ಅದರ ವಿಷ್ಯನೇ ತಗೊಳ್ಳಿ. 2021ರ ಜನವರಿಲಿ ಶುರು ಆಯ್ತು, ಟ್ಯಾಕ್ಸಿಗೆ ನೂರಾರು ರೂಪಾಯಿ ಕೊಡೋ ಜಾಗಕ್ಕೆ ಅದಕ್ಕಿಂತ ಎಷ್ಟೋ ಕಮ್ಮಿ ಟಿಕೆಟ್. ಆದ್ರೂ ಜನ ಹತ್ತಿದ್ದು ಕಮ್ಮಿ. ಸ್ಟೇಷನ್ನಿಂದ ಟರ್ಮಿನಲ್‌ಗೆ ಇನ್ನೂ ಕೆಲವು ಕಿಲೋಮೀಟರ್ ಇದೆ, ಅಲ್ಲಿಂದ ಬಸ್ ಹಿಡೀಬೇಕು, ಅಲ್ಲಿ ಶಿಫ್ಟಲ್ಲಿ ಕೆಲಸ ಮಾಡೋರಿಗೆ ಟೈಮ್ ಹೊಂದ್ಲಿಲ್ಲ ಅಂದ್ರೆ ಟಿಕೆಟ್ ಎಷ್ಟು ಚೀಪಾದ್ರೂ ಏನ್ ಪ್ರಯೋಜನ.

ಕಷ್ಟನೂ ಇದೆ, ಅದನ್ನ ಮುಚ್ಚಿಡ್ಬಾರ್ದು. ಇದು ಸಿಂಗಲ್ ಲೈನ್. ಎದುರಿಂದ ಬರೋ ಗಾಡಿಗೆ ಕ್ರಾಸಿಂಗ್ ಕೊಡೋಕೆ ಒಂದು ನಿಲ್ಲಲೇಬೇಕು, ಒಂದು ಲೇಟಾದ್ರೆ ಇನ್ನೊಂದೂ ಲೇಟು. ಹಾಗಾಗಿ ಎಲ್ಲೆಲ್ಲಿ ಲೂಪ್ ಲೈನ್, ಅಂದ್ರೆ ಒಂದು ಗಾಡಿ ಪಕ್ಕಕ್ಕೆ ನಿಲ್ಲೋ ಹಳಿ, ಇದೆ, ಎಲ್ಲಿ ಹೊಸದಾಗಿ ಹಾಕ್ಬೇಕು ಅಂತ ಮೊದಲು ಲೆಕ್ಕ ಹಾಕ್ಲಿ. ಲೈನಿಗೆ ಕರೆಂಟ್ ಬಂದಿದೆ, ಮೆಮು, ಅಂದ್ರೆ ಕರೆಂಟಲ್ಲಿ ಓಡೋ ಲೋಕಲ್ ರೈಲು, ಓಡಿಸ್ಬಹುದು, ಅದಕ್ಕೆ ಎರಡು ಕಡೆನೂ ಡ್ರೈವರ್ ಕ್ಯಾಬಿನ್ ಇರುತ್ತೆ, ಕೊನೇ ಸ್ಟೇಷನ್ನಲ್ಲಿ ಇಂಜಿನ್ ಬಿಚ್ಚಿ ತಿರುಗಿಸೋ ತಾಪತ್ರಯ ಇಲ್ಲ, ನಿಂತು ಬೇಗ ಹೊರಡುತ್ತೆ, ಅಂದ್ರೆ ಸಣ್ಣ ಸಣ್ಣ ಹಾಲ್ಟಲ್ಲೂ ನಿಲ್ಲಿಸಬಹುದು.

ಬೆಂಗಳೂರಿನ ಸಬರ್ಬನ್ ರೈಲು ಯೋಜನೆಲಿ ಸಂಪಿಗೆ ಅಂತ ಹೆಸರಿಟ್ಟಿರೋ ಸುಮಾರು 41 ಕಿಲೋಮೀಟರ್ ಮಾರ್ಗ ದೇವನಹಳ್ಳಿ ತನಕ ಬರುತ್ತೆ, ಬರ್ಲಿ, ಸಂತೋಷ. ಆದ್ರೆ ಅದು ಬರೋ ತನಕ ನಾವು ಕಾಯೋದು ಬೇಡ, ಹಳಿ ಹೆಂಗೂ ಇದೆ. ದೇವನಹಳ್ಳಿಯಿಂದ ಆಚೆಗೂ ಜನ ಇದಾರೆ ಸ್ವಾಮಿ. ಶಿಡ್ಲಘಟ್ಟದ ಮಾರ್ಕೆಟ್ಟಿಗೆ ರೇಷ್ಮೆ ಗೂಡು ತರೋ ರೈತರು, ಚಿಂತಾಮಣಿಯಿಂದ ಬೆಂಗಳೂರಿಗೆ ಓದೋಕೆ ಹೋಗೋ ಹುಡುಗ್ರು, ಇವರನ್ನ ಸ್ಟೇಷನ್ ಸ್ಟೇಷನ್ನಲ್ಲಿ ನಿಂತು ಎಷ್ಟೊತ್ತಿಗೆ ಹೋಗ್ತೀರ, ಎಷ್ಟೊತ್ತಿಗೆ ಬರ್ತೀರ ಅಂತ ಕೇಳ್ಲಿ. ಆಮೇಲೆ ಟೈಮ್ ಟೇಬಲ್ ಬರೀಲಿ, ಬರೆದ ಮೇಲೆ ಒಂದು ವರ್ಷನಾದ್ರೂ ಅದನ್ನ ಮುಟ್ಬಾರ್ದು, ಮೊದಲ ತಿಂಗಳಲ್ಲಿ ಬೋಗಿ ಖಾಲಿ ಕಂಡ್ರೂ ಸರಿ. ಮಂತ್ಲಿ ಪಾಸ್ ತಗೊಳ್ಳೋಕೆ ಜನಕ್ಕೆ ಅಷ್ಟು ನಂಬಿಕೆನಾದ್ರೂ ಬೇಡ್ವಾ? ನಮಸ್ಕಾರ.